ತೊಟ್ಟಿಲು ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ

ಜೂನ್ 14, 2006, ಬುಧವಾರ

ಬೆಳಗಿನ ಜಾವ ಮೂರೂ ಇಪ್ಪತ್ತು. ಕಬ್ಬಿಣದ ಹಂಚು ನೆಲಕ್ಕೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಎದ್ದು ಕೂತೆ. ಅಡುಗೆಮನೆಯಿಂದ ಅತ್ತೆಯ ದನಿ: "ಏನಿಲ್ಲವಾ, ಕೈ ಜಾರಿತು. ನೀ ಮಕ್ಕೊ." ಮಹಡಿಯ ಮೇಲೆ ಓನರ್ ತಿಮ್ಮರಾಯಪ್ಪನವರು ಕೆಮ್ಮಿದರು. ಬೀದಿಯಲ್ಲಿ ನಾಯಿ ಬೊಗಳಿತು. ಸತ್ತಂತೆ ನಿದ್ದೆ ಮಾಡುವ ಇವರೂ ಹೊರಳಿ "ಏನದು" ಅಂದರು. ಬಸು ಮಾತ್ರ ಕದಲಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರು ಬೆಚ್ಚಗೆ ಬರುತ್ತಿತ್ತು.

ಎಂಟು ತಿಂಗಳ ಕೂಸು ಇಂಥ ನಿದ್ದೆ ಮಾಡುವುದು ಸಹಜವೇ? ಅತ್ತೆ ಹಾಲಿಗೆ ಗಸಗಸೆ ಅರೆದು ಹಾಕುತ್ತಾರೇನೋ ಎಂದು ನನಗೆ ಮೊದಲಿನಿಂದ ಗುಮಾನಿ. ಬಾಯಿ ಮೂಸಿ ನೋಡಿದೆ. ಬರೀ ಹಾಲಿನ ವಾಸನೆ.

ನಮ್ಮದು ರೊಟ್ಟಿಯ ಮನೆ. ಗಂಗಾವತಿ ಬಿಟ್ಟು ಬಿಟಿಎಂ ಲೇಔಟಿಗೆ ಬಂದಾಗಿನಿಂದ ಅತ್ತೆ ಹುಲಿಗೆವ್ವ ಬೆಳಕು ಹರಿಯುವ ಮುಂಚೆ ಜೋಳದ ರೊಟ್ಟಿ ಬಡಿಯಲು ಕೂರುತ್ತಾರೆ. ನಾಲ್ಕು ಗಂಟೆಗೆ ರೊಟ್ಟಿ ಹಂಚುವ ಮರೆಪ್ಪ ಬಂದು ಮೊದಲ ಬುಟ್ಟಿ ಒಯ್ಯುತ್ತಾನೆ. ನಮ್ಮ ಕಡೆಯ ಹುಡುಗರಿರುವ ಪೀಜಿಗಳಿಗೆ, ಹನುಮಂತನಗರದ ಖಾನಾವಳಿಗೆ. ದಪ್ ದಪ್ ದಪ್. ಆ ಸದ್ದಿಗೆ ನನಗೆ ತಲೆ ಸಿಡಿಯುತ್ತದೆ. ಕೂಸಿಗೆ ಏನೂ ಇಲ್ಲ. "ಹೊಟ್ಟ್ಯಾಗಿದ್ದಾಗಿಂದ ರೊಟ್ಟಿ ಸಪ್ಪಳ ಕೇಳ್ಯಾನ. ಅವಗ ಅದೇ ಜೋಗುಳ" ಎಂದು ಅತ್ತೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತೇನೆ. ದೃಷ್ಟಿಯಾದೀತು ಎಂಬ ಭಯ ಬೇರೆ.

ನಿದ್ದೆ ಬರುವುದಿಲ್ಲವೆಂದು ಈ ಡೈರಿ ಶುರು ಮಾಡಿದ್ದೇನೆ. ಬಿ.ಎ. ಮುಗಿಸಿದ ಮೇಲೆ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆದದ್ದೇ ಇಲ್ಲ.

ಜೂನ್ 17, ಶನಿವಾರ

ಇವರು ಆಯ್ಕೆಯಾಗಿದ್ದಾರೆ. ಟೀವಿಯಲ್ಲಿ 'ಕೈ ಜೋಡಿಸಿ' ಅಂತ ಒಂದು ಕಾರ್ಯಕ್ರಮ ಬರಲಿದೆ. ಸಣ್ಣ ವ್ಯಾಪಾರದವರು ಮೂವರು ಸಾಹುಕಾರರ ಮುಂದೆ ನಿಂತು ತಮ್ಮ ದಂಧೆಯ ಬಗ್ಗೆ ಹೇಳಬೇಕು. ಮೆಚ್ಚಿದವರು ಬಂಡವಾಳ ಹಾಕಿ ಪಾಲುದಾರರಾಗುತ್ತಾರೆ. ಮರೆಪ್ಪನೇ ಅರ್ಜಿ ಹಾಕಿದ್ದು. ಇವರು ಇಸ್ತ್ರಿ ಅಂಗಿ ತೊಟ್ಟು, ರೊಟ್ಟಿ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಒಳಗೆ ಹೋದರಂತೆ. ಇಬ್ಬರು ಸಾಹುಕಾರರು ರೊಟ್ಟಿ ಅಂದ ಕೂಡಲೇ ನಕ್ಕರು. ನಗದೆ ಕೂತಿದ್ದವರು ಅನಂತಪದ್ಮನಾಭ.

"ಮಧು, ಅಷ್ಟು ದೊಡ್ಡ ಮನಷ್ಯಾ ಎದ್ದು ಬಂದು ಬುಟ್ಟಿಗೆ ಕೈ ಹಾಕಿ ರೊಟ್ಟಿ ಮುರದು ತಿಂದ್ರು. ನಿಮ್ಮನಿಗೆ ಬರ್ತೀನಿ ಅಂದ್ರು."

"ಮನೆಗ್ಯಾಕ್ರಿ?"

"ರೊಟ್ಟಿ ಎಲ್ಲಿ ಹುಟ್ತಾವ ಅಂತ ನೋಡಾಕ."

ಮೊದಲು ಮನೆ ಭೇಟಿ, ಆಮೇಲೆ ಸ್ಟುಡಿಯೋದಲ್ಲಿ ಕೊನೆಯ ಶೂಟಿಂಗ್. ಅಲ್ಲಿ ಇಬ್ಬರೂ ಒಪ್ಪಿ ಕೈ ಜೋಡಿಸಬೇಕು, ಇಲ್ಲವೇ ಬೇಡ ಅನ್ನಬೇಕು. ಇವರು ಊಟ ಮಾಡುವಾಗಲೂ ನಗುತ್ತಿದ್ದರು. ನನಗೆ ನಕ್ಕವರ ಮೇಲೆ ಸಿಟ್ಟಿಲ್ಲ. ನಗದೆ ಇದ್ದವನ ಬಗ್ಗೆಯೇ ಅನುಮಾನ.

ಜೂನ್ 25, ಭಾನುವಾರ

ಆ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಒಂದು ವಾರಪತ್ರಿಕೆಯಲ್ಲಿ ಇಡೀ ಪುಟದ ಫೋಟೋ: ಬಿಳಿ ಕೂದಲು, ಅರ್ಧ ತೋಳಿನ ಅಂಗಿ. ಬಾಡಿಗೆ ತೊಟ್ಟಿಲಿನಿಂದ ಶುರು ಮಾಡಿ ಮಕ್ಕಳ ಹಾಸಿಗೆ, ಸೊಳ್ಳೆಪರದೆ, ತಳ್ಳುಗಾಡಿ ಎಲ್ಲ ತಯಾರಿಸುವ ಕಾರ್ಖಾನೆ ಕಟ್ಟಿದರಂತೆ. ಅದು ಉತ್ತುಂಗದಲ್ಲಿದ್ದಾಗಲೇ ಹೊರದೇಶದ ಕಂಪನಿಗೆ ಮಾರಿದರಂತೆ. ಈಗ ಟೀವಿ, ಜೊತೆಗೆ ಟ್ರಸ್ಟು. ಟ್ರಸ್ಟು ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ "ಮಕ್ಕಳಿಗೆ ಏನೋ ಸ್ವಲ್ಪ" ಎಂದಷ್ಟೇ ಉತ್ತರ. ದಾನ ಮಾಡುವವರು ಇಷ್ಟು ಚಿಕ್ಕದಾಗಿ ಹೇಳಿಕೊಳ್ಳುತ್ತಾರೆಯೇ? ಇನ್ನೊಂದು ಕಡೆ, ಕಾರ್ಖಾನೆ ಯಾಕೆ ಮಾರಿದಿರಿ ಎಂದರೆ "ಸದ್ದು ಸಾಕಾಯ್ತು" ಎಂದಿದ್ದಾರೆ. ಅದೂ ಒಂದು ಕಾರಣವೇ?

ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಓನರ್ ಹೆಂಡತಿ ಅಕ್ಕಯಮ್ಮನಿಗೆ ಪತ್ರಿಕೆ ತೋರಿಸಿದೆ. ಈ ಲೇಔಟು ಹೊಲವಾಗಿದ್ದಾಗ ಇಲ್ಲಿ ಸೊಪ್ಪು ಬೆಳೆದವರು ಅವರು.

"ಅಯ್ಯೋ, ಇವ್ನಾ? ತೊಟ್ಲು ಅನಂತ ಕಣಮ್ಮ. ನಮ್ಮ ದಿನೇಶನ ನಾಮಕರಣಕ್ಕೆ ಇವ್ನ ಹತ್ರಾನೇ ತೊಟ್ಲು ತಂದಿದ್ದು, ಜಯನಗರ ಫೋರ್ತ್ ಬ್ಲಾಕಿಂದ. ಸೈಕಲ್ ಕ್ಯಾರಿಯರ್‌ಗೆ ಕಟ್ಕಂಡು ಅವ್ನೇ ಬರೋನು."

"ಮನುಷ್ಯ ಹೇಗೆ ಆಂಟಿ?"

"ಲೆಕ್ಕದೋನು. ವಾಪಸ್ ತಗಂಡೋಗೋವಾಗ ಖಾಲಿ ತೊಟ್ಲು ಎತ್ತಲ್ಲ ಅಂದ್ಬುಟ್ಟ. ಒಂದು ತೆಂಗಿನಕಾಯಾದ್ರೂ ಇಡಿ, ಮುಂದಿನ ಮನೆಗೆ ಬರಿದಾಗಿ ಹೋಗಬಾರದು ಅಂತ. ನಮ್ಮತ್ತೆ, ಕಾಯಿ ಹೊಡ್ಕಳೋಕೆ ಒಳ್ಳೆ ಉಪಾಯ ಕಲ್ತವ್ನೆ ಅಂತ ಬೈದ್ಕಂಡೇ ಕೊಟ್ಟಿದ್ರು."

ಅಕ್ಕಯಮ್ಮ ನಕ್ಕರು. ನಾನು ನಗಲಿಲ್ಲ. ಶಾಸ್ತ್ರದ ಹೆಸರಲ್ಲಿ ಮನೆಮನೆಯಿಂದ ತೆಂಗಿನಕಾಯಿ ಎತ್ತಿದವನು ನಮ್ಮಿಂದ ಏನು ಎತ್ತಿಕೊಂಡು ಹೋಗುತ್ತಾನೋ.

ಬಸು ಇತ್ತೀಚೆಗೆ ಜಂಭ ಕಲಿತಿದ್ದಾನೆ. ಹಿಂದಿನಿಂದ ಎಷ್ಟು ಕರೆದರೂ ತಿರುಗುವುದಿಲ್ಲ. ಎದುರಿಗೆ ಹೋದರೆ ಮುಖವೆಲ್ಲ ಬಾಯಿ ಮಾಡಿ ನಗುತ್ತಾನೆ.

ಜುಲೈ 2, ಭಾನುವಾರ

ಬಂದು ಹೋದರು. ಎಲ್ಲವನ್ನೂ ಕ್ರಮವಾಗಿ ಬರೆದಿಡಬೇಕು. ಮುಂದೆ ಬೇಕಾಗಬಹುದು.

ಕ್ಯಾಮೆರಾದವರು ನಾಲ್ಕು ಜನ ಮೊದಲು ಬಂದರು. ನಾನು ಹಾಸಿಗೆಯ ಮೇಲೆ ಹಾಸಿದ್ದ ಹೊಸ ಚಾದರ ತೆಗೆಸಿ ಹಳೆಯದನ್ನೇ ಹಾಕಿಸಿದರು. "ರಿಯಲ್ಲಾಗಿ ಕಾಣ್ಬೇಕು ಮೇಡಂ." ಬಡತನ ಅವರಿಗೆ ಬೇಕಾಗಿದೆ. ಆಗಲೇ ಎಚ್ಚರಗೊಂಡೆ.

ಅನಂತಪದ್ಮನಾಭ ಆಮೇಲೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ನೇರವಾಗಿ ಅತ್ತೆಯ ಮುಂದೆ ನೆಲದ ಮೇಲೆ ಕೂತರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೊಟ್ಟೆ. ತಿನ್ನುತ್ತಲೇ ಪ್ರಶ್ನೆ.

"ಅಮ್ಮಾ, ಮೆತ್ತನೆ ರೊಟ್ಟಿ ಎಷ್ಟು ಹೊತ್ತು ಚೆನ್ನಾಗಿರುತ್ತೆ?"

"ಹೊತ್ತು ಮುಳುಗೂ ಮಟಾರಿ."

"ಒಣಗಿಸಿದ್ದು?"

"ಕಟಕ್ ರೊಟ್ಟಿ ಆದ್ರ ತಿಂಗಳಿಟ್ರೂ ಏನಾಗಂಗಿಲ್ರಿ."

ಇವರ ಕಡೆ ತಿರುಗಿ, "ಚನ್ನವೀರ, ನೀವು ಮೆತ್ತನೆ ರೊಟ್ಟಿ ಹಿಡ್ಕೊಂಡು ಸೈಕಲ್ ತುಳೀತಾ ಇದ್ದೀರ. ವ್ಯಾಪಾರ ಇರೋದು ಕಟಕ್ ರೊಟ್ಟೀಲಿ. ಅದನ್ನ ಬೀದರಿಗೂ ಕಳಿಸಬಹುದು, ದುಬೈಗೂ ಕಳಿಸಬಹುದು" ಅಂದರು. ಇವರು ಬೆಪ್ಪಾಗಿ ನೋಡುತ್ತ ನಿಂತರು. ನಾಲ್ಕು ವರ್ಷದಿಂದ ನಮಗೆ ಹೊಳೆಯದ್ದು ಅರ್ಧ ರೊಟ್ಟಿ ತಿನ್ನುವುದರೊಳಗೆ ಹೊಳೆದಿತ್ತು. ಬುದ್ಧಿವಂತ, ಅನುಮಾನವಿಲ್ಲ. ಅದಕ್ಕೇ ಭಯ.

ಬಸು ಪಕ್ಕದಲ್ಲಿ ದುಪ್ಪಟಿಯ ಮೇಲೆ ಮಲಗಿದ್ದ. ಕ್ಯಾಮೆರಾದವರ ದೀಪದ ಕಂಬ ಬಾಗಿಲಿಗೆ ತಾಗಿ ದಡಾರನೆ ಬಿತ್ತು. ನಾನು ಚೀರಿದೆ. ಬಸು ಮಲಗೇ ಇದ್ದ.

"ಮಗು ಏಳಲಿಲ್ಲ" ಎಂದರು ಅವರು.

ಅತ್ತೆ ನಕ್ಕು ಅದೇ ಮಾತು ಹೇಳಿದರು: "ರೊಟ್ಟಿ ಮನಿ ಕೂಸ್ರಿ ಸಾಹೇಬ್ರ. ಹೊಟ್ಟ್ಯಾಗಿಂದ ಸಪ್ಪಳ ರೂಢಿ."

ಆ ಮನುಷ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. "ಕ್ಯಾಮೆರಾ ಆಚೆ ಹೋಗ್ಲಿ, ಎಲ್ಲಾರೂ" ಎಂದರು. ಎಲ್ಲರೂ ಹೋದರು. ಇವರು ಬಿದ್ದ ಕಂಬ ಎತ್ತಿಕೊಂಡು ಆಗಲೇ ಹೊರಗೆ ಹೋಗಿದ್ದರು, ಆ ಮಾತು ಕೇಳಿಸಿಕೊಂಡಿರಲಿಲ್ಲ. ಆಗ ಅವರು ಕೈ ತೊಳೆದುಕೊಂಡು ಬಂದು, ನನ್ನನ್ನು ಒಂದು ಮಾತೂ ಕೇಳದೆ ಕೂಸಿನ ಕುಲಾವಿಯ ಕಸೆ ಬಿಚ್ಚಿದರು. ಕಿವಿಗೆ ಗಾಳಿ ಸೋಕಬಾರದು ಎಂದು ಅತ್ತೆ ಕುಲಾವಿ ತೆಗೆಯಲು ಬಿಡುವುದೇ ಇಲ್ಲ. ಬಸು ಕಣ್ಣುಬಿಟ್ಟು ನನ್ನನ್ನು ನೋಡಿ ನಕ್ಕ. ಅವರು ಅವನನ್ನು ಎತ್ತಿ ಕೂರಿಸಿ, ಬೆನ್ನ ಹಿಂದೆ ಕೂತು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಅಲ್ಲಾಡಿಸಿದರು. ಎಡಗಿವಿಯ ಹತ್ತಿರ. ಬಲಗಿವಿಯ ಹತ್ತಿರ. ಮತ್ತೆ ಎಡಗಿವಿ. ಯಾರೋ ಮಾಟ ಮಾಡುವವರ ಹಾಗೆ. ಅವರ ಮುಖ ಸಣ್ಣದಾಗಿತ್ತು.

"ಅಮ್ಮ, ಮಗೂನ ಒಬ್ರು ಡಾಕ್ಟರಿಗೆ ತೋರಿಸ್ತೀರಾ?"

"ಏನಾಗಿದೆ ನನ್ನ ಮಗೂಗೆ?"

"ಏನೂ ಆಗಿಲ್ದೇ ಇರಬಹುದು. ಹಾಗೇ ಇರಲಿ ಅಂತಾನೇ ನನ್ನ ಆಸೆ."

ನಾನು ಕೂಸನ್ನು ಎತ್ತಿ ಎದೆಗವಚಿಕೊಂಡು ಕುಲಾವಿ ಕಟ್ಟಿದೆ. ಅವರು ಎದ್ದರು. ರೊಟ್ಟಿ ಅರ್ಧಕ್ಕೆ ಬಿಟ್ಟಿದ್ದರು. ಸಂಜೆ ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಚಟಪಟ ಎಂದಿತು. ಘಾಟೇ ಇಲ್ಲ. ಅಷ್ಟು ದೃಷ್ಟಿ.

ಜುಲೈ 3, ಸೋಮವಾರ

ಸ್ಟೀಲ್ ಲೋಟ ಬೀಳಿಸಿದೆ. ಬೇಕೆಂದೇ ಅಲ್ಲ.

ತಿರುಗಲಿಲ್ಲ. ಆಟದಲ್ಲಿದ್ದ.

ಜುಲೈ 6, ಗುರುವಾರ

ಟ್ರಸ್ಟಿನಿಂದ ಒಬ್ಬಳು ಬಂದಿದ್ದಳು. ಸರ್ವಮಂಗಳಾ ಅಂತೆ. ನನ್ನ ವಯಸ್ಸಿನವಳೇ, ಹತ್ತಿ ಸೀರೆ, ಹೆಗಲಿಗೆ ಚೀಲ. ಕಿಟಕಿಯಲ್ಲೇ ಮಾತಾಡಿಸಿದೆ.

"ಮೇಡಂ, ಸಾರ್ ಕಳಿಸಿದ್ರು. ಮಗೂಗೆ ಕಿವಿ ಟೆಸ್ಟ್ ಒಂದು..."

"ನಿಮ್ಮ ಸಾರ್ ಡಾಕ್ಟರಾ?"

"ಅಲ್ಲ ಮೇಡಂ."

"ಮತ್ತೆ? ಟೀವಿಗೆ ಬೇಕೇನು, ರೊಟ್ಟಿ ಮಾರೋನ ಮಗು ಕಿವುಡು ಅಂತ? ಅವರು ಬಂದು ಉದ್ಧಾರ ಮಾಡೋದು, ನಾವು ಅಳೋದು?"

ಅವಳು ಏನೋ ಹೇಳಲು ಬಾಯಿ ತೆರೆದಳು. ಕಿಟಕಿ ಹಾಕಿದೆ. ಅವಳು ಮಹಡಿಗೆ ಹೋಗಿ ಅಕ್ಕಯಮ್ಮನ ಹತ್ತಿರ ಫೋನ್ ನಂಬರ್ ಕೊಟ್ಟು ಹೋದಳಂತೆ. ಅಕ್ಕಯಮ್ಮನೇ ಬಂದು ಹೇಳಿದರು. ಜೊತೆಗೆ ಇನ್ನೊಂದು ಸುದ್ದಿ: "ಆವಯ್ಯಂಗೆ ಒಬ್ಳೇ ಮಗ್ಳು ಕಣಮ್ಮ. ಮಾತು ಬರಲ್ಲವಂತೆ. ಯಾರ ಕಣ್ಣಿಗೂ ಬಿದ್ದಿಲ್ಲ."

ಸಿಕ್ಕಿತು ನನಗೆ. ಸ್ವಂತ ಮಗಳನ್ನು ಮನೆಯೊಳಗೆ ಮುಚ್ಚಿಟ್ಟು ಊರವರ ಮಕ್ಕಳಲ್ಲಿ ಊನ ಹುಡುಕುವ ಮನುಷ್ಯ. ಅಷ್ಟು ಫೋಟೋಗಳಲ್ಲಿ ಒಂದರಲ್ಲಾದರೂ ಆ ಹುಡುಗಿ ಇದ್ದಾಳೆಯೇ? ನಾಚಿಕೆ.

ಅಕ್ಕಯಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು "ಬಸೂ, ಬಸೂ ಬಂಗಾರ" ಅಂತ ಚಪ್ಪಾಳೆ ತಟ್ಟಿದರು. ಅವನು ಗೋಡೆಯ ಮೇಲಿನ ಬಿಸಿಲು ನೋಡುತ್ತಿದ್ದ. ಅವರು ನನ್ನ ಮುಖ ನೋಡದೆ ಹೋದರು. ಅವರ ಮೇಲೂ ನನಗೆ ಈಗ ಅನುಮಾನ.

ಜುಲೈ 9, ಭಾನುವಾರ

ಇವರಿಗೆ ಹೇಳಿದೆ. ಆ ಮನುಷ್ಯ ಕೂಸಿನ ಕುಲಾವಿ ಕಿತ್ತು ಏನೇನೋ ಮಾಡಿದ, ಕಿವುಡು ಅಂತ ಟೀವಿಯಲ್ಲಿ ತೋರಿಸುವುದಕ್ಕೆ ಹೊಂಚು ಹಾಕಿದ್ದಾನೆ ಎಂದೆ. ಕ್ಯಾಮೆರಾ ಆಚೆ ಹೋಗಲಿ ಎಂದವರೂ ಅವರೇ ಎನ್ನುವುದನ್ನು ಹೇಳಲಿಲ್ಲ. ನೆನಪಾಗಲಿಲ್ಲ ಎಂದುಕೊಳ್ಳೋಣ.

"ಅಂಥಾವ್ರ ಅಲ್ಲ ಮಧು ಅವ್ರು."

"ನಿಮಗ ಅವ್ರ ಹೆಚ್ಚೇನು, ಕೂಸು ಹೆಚ್ಚೇನು?"

"ಹಂಗಲ್ಲ. ನಾಕ್ ವರ್ಷ ಸೈಕಲ್ ಮ್ಯಾಲ ರೊಟ್ಟಿ ಹೊತ್ತೀನಿ. ಅವ್ವನ ಕೈ ನೋಡು, ಬೆರಳು ಮಡಚಾಕ ಬರವಲ್ದು. ಒಂದು ಮಷಿನ್, ಒಂದು ಗಾಡಿ. ಅಷ್ಟ ಕೇಳಿದ್ದು ನಾ."

"ಹಂಗಾದ್ರ ಕೂಸಿನ ತಲಿ ಮ್ಯಾಲ ಕೈ ಇಟ್ಟು ಹೇಳ್ರಿ. ಅವ್ರ ಪಾಲು ಬ್ಯಾಡ ಅಂತೀನಿ, ಮನಿಗೆ ಬಂದು ನನ್ನ ಕೂಸಿಗೆ ಅವಮಾನ ಮಾಡಿದ್ರು ಅಂತ ಎಲ್ಲಾರ ಎದುರಿಗೇ ಹೇಳ್ತೀನಿ ಅಂತ."

ಇವರು ಅಂಗಿಯ ತುದಿಗೆ ಕೈ ಒರೆಸಿಕೊಂಡರು. ಆಮೇಲೆ ಬಸುವಿನ ತಲೆಯ ಮೇಲೆ ಕೈ ಇಟ್ಟರು. ಬಸು ಅಪ್ಪನ ಕೈ ಹಿಡಿದು ಬೆರಳು ಚೀಪಿದ.

ನಮ್ಮಲ್ಲಿ ಕೂಸಿನ ತಲೆ ಮುಟ್ಟಿದ ಆಣೆ ತಪ್ಪುವುದಿಲ್ಲ. ನನ್ನ ಗಂಡ ಅಂತೂ ತಪ್ಪುವುದೇ ಇಲ್ಲ.

ಜುಲೈ 10, ಸೋಮವಾರ

ಇವರು ಮಾತಾಡುತ್ತಿಲ್ಲ. ಅತ್ತೆಯೂ.

ಗೆದ್ದೆ ಅನಿಸಬೇಕಾಗಿತ್ತು.

ಜುಲೈ 13, ಗುರುವಾರ

ರೀ, ಇದು ನಿಮಗೆ. ಹಿಂದಿನ ಪುಟಗಳನ್ನು ಆಮೇಲೆ ಓದಿ. ಅವುಗಳಲ್ಲಿ ನಾನು ಚೆನ್ನಾಗಿಲ್ಲ. ಮೊದಲು ಇದನ್ನು ಓದಿ. ಒಲೆಯ ಪಕ್ಕ, ನಿಮ್ಮ ಊಟದ ತಟ್ಟೆಯ ಮೇಲೆಯೇ ತೆರೆದಿಟ್ಟಿದ್ದೇನೆ. ನಾವು ಮೂವರೂ ಮನೆಯಲ್ಲಿಲ್ಲ. ಗಾಬರಿಯಾಗಬೇಡಿ. ಕೂಸು ಚೆನ್ನಾಗಿದೆ, ನಗುತ್ತಿದೆ.

ಇವತ್ತು ನೀವು ನಾಳೆಯ ಕೊನೆಯ ಶೂಟಿಂಗಿನ ರಿಹರ್ಸಲ್ಲಿಗೆ ಹೋದ ಮೇಲೆ, ಆ ಮನುಷ್ಯನ ಮಾತು ಸುಳ್ಳು ಅಂತ ಮಾಡಿ ತೋರಿಸಿಯೇ ಬಿಡೋಣ ಎನಿಸಿತು. ಬಸುವಿನ ಕುಲಾವಿ ತೆಗೆದೆ. ಅತ್ತೆ ಬೇಡ ಅನ್ನಲಿಲ್ಲ. ಅವನನ್ನು ಬಾಗಿಲ ಕಡೆ ಮುಖ ಮಾಡಿ ಕೂರಿಸಿ, ಅತ್ತೆಯ ಬೆನ್ನಿಗೆ ಆನಿಸಿ, ಹಿಂದೆ ನಿಂತು ಕರೆದೆ. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು "ಇನ್ನೊಮ್ಮಿ ಕರಿ" ಅಂದರು. ಕರೆದೆ. "ಜೋರಾಗಿ." ಕೂಗಿದೆ. ಓಣಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ನಿಂತು ನೋಡಿದಳು. "ಇನ್ನೊಮ್ಮಿ." ದನಿ ಒಡೆಯುವ ತನಕ ಕೂಗಿದೆ ರೀ. ಬಸು ಬಾಗಿಲಲ್ಲಿ ಹಾರುತ್ತಿದ್ದ ನೊಣವನ್ನು ನೋಡುತ್ತಿದ್ದ. ಆಮೇಲೆ ನನ್ನ ನೆರಳು ಮುಂದೆ ಬಿದ್ದಾಗ ತಿರುಗಿ ನಕ್ಕ.

ಅತ್ತೆ ಅಳಲಿಲ್ಲ. "ನನ್ನ ರೊಟ್ಟಿ ಸಪ್ಪಳ ಒಂದು ದಿನಾನೂ ಕೇಳಿಲ್ಲ ಇವ" ಅಂದರು, ಅಷ್ಟೇ. ಒಲೆ ಆರಿಸಿದರು. ಅದಕ್ಕೇ ನಾಳೆ ರೊಟ್ಟಿ ಇಲ್ಲ. ಪೀಜಿ ಹುಡುಗರು ಬ್ರೆಡ್ ತಿನ್ನಲಿ.

ಮಹಡಿಗೆ ಹೋಗಿ ಸರ್ವಮಂಗಳಾಗೆ ಫೋನ್ ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು "ಇವತ್ತೇ ಮಾಡಿದ್ದು ಒಳ್ಳೇದಾಯ್ತು ಮೇಡಂ" ಅಂದಳು. ಅವರ ವ್ಯಾನು ತಿಂಗಳಿಗೊಮ್ಮೆ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತದಂತೆ, ಟೆಸ್ಟಿಗೆ. ಈ ತಿಂಗಳದ್ದು ಇವತ್ತು ರಾತ್ರಿ ಎಂಟಕ್ಕೆ. ಕಿವಿಗೆ ಮಷಿನ್ ಎಷ್ಟು ಬೇಗ ಹಾಕಿದರೆ ಮಾತು ಕಲಿಯಲು ಅಷ್ಟು ದಾರಿ ಇದೆಯಂತೆ. ವರ್ಷದೊಳಗೆ ಗೊತ್ತಾಗುವುದೇ ಅಪರೂಪವಂತೆ. ನಾನು ಮತ್ತೆ ಕೇಳಿದೆ, ಟೀವಿಯಲ್ಲಿ ತೋರಿಸುವುದಿಲ್ಲ ತಾನೇ ಎಂದು. "ಸಾರ್ ತಮ್ಮ ಮಗಳ ಫೋಟೋನೇ ಎಲ್ಲೂ ಕೊಟ್ಟಿಲ್ಲ. ಅವಳನ್ನ ತೋರಿಸಿ ಚಪ್ಪಾಳೆ ಗಿಟ್ಟಿಸಲ್ಲ ಅಂತಾರೆ. ನಿಮ್ಮ ಮಗೂನ ತೋರಿಸ್ತಾರಾ?"

ಆ ಮಗಳ ವಿಷಯ ಅವಳೇ ಹೇಳಿದಳು. ಆಗ ಅವರ ಮನೆಯ ಹಿಂದೆಯೇ ತೊಟ್ಟಿಲು ಮಾಡುವ ಬಡಗಿಗಳ ಶೆಡ್ಡಂತೆ. ದಿನವೆಲ್ಲ ಸುತ್ತಿಗೆಯ ಸದ್ದು. ಮಗು ಯಾವ ಸದ್ದಿಗೂ ಬೆಚ್ಚುತ್ತಿರಲಿಲ್ಲ. ಸುತ್ತಿಗೆ ಸದ್ದಲ್ಲೇ ಹುಟ್ಟಿದ ಕೂಸು, ರೂಢಿಯಾಗಿದೆ ಎಂದು ಎಲ್ಲರೂ ಕೊಂಡಾಡಿದರಂತೆ. ಗೊತ್ತಾಗುವ ಹೊತ್ತಿಗೆ ಮೂರು ವರ್ಷ ದಾಟಿತ್ತು. ಅತ್ತೆ ಅವತ್ತು ಹೇಳಿದ್ದೂ ಅದೇ ಮಾತಲ್ಲವೇ ರೀ. ಅದಕ್ಕೇ ಅವರು ತುತ್ತು ಕೆಳಗಿಟ್ಟದ್ದು. ಕ್ಯಾಮೆರಾ ಆಚೆ ಕಳಿಸಿದ್ದೂ ಅವರೇ. ಅದನ್ನು ನಾನು ನಿಮಗೆ ಹೇಳಿರಲಿಲ್ಲ.

ಅವರು ದೇವರೇನಲ್ಲ. ಈಗಲೂ ನನಗೆ ಪೂರ್ತಿ ಅನುಮಾನ ಹೋಗಿಲ್ಲ. ಪಾಲುದಾರಿಕೆಯ ಕಾಗದವನ್ನು ಎರಡು ಸಲ ಓದಿಯೇ ಸಹಿ ಮಾಡಿ, ಕಟಕ್ ರೊಟ್ಟಿಗೆ ಅತ್ತೆಯ ಹೆಸರೇ ಇರಬೇಕೆಂದು ಬರೆಸಿ. ಆದರೆ ನಾಳೆ ಎಲ್ಲರ ಎದುರಿಗೆ ಆ ಮಾತು ಮಾತ್ರ ಆಡಬೇಡಿ. ಆಣೆ ಹಾಕಿಸಿದವಳು ನಾನು. ಅದೇ ತಲೆಯ ಮೇಲೆ ಈಗ ಕೈ ಇಟ್ಟು, ನಿಮ್ಮನ್ನು ಬಿಡುಗಡೆ ಮಾಡಿದ್ದೇನೆ ಎಂದು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿ ಕಳಿಸಿದರೆ ನೀವು ನಂಬುವವರಲ್ಲ, ನನ್ನ ಅಕ್ಷರ ನೋಡಿದರೆ ನಂಬುತ್ತೀರಿ. ನಿಮ್ಮ ಮೊಬೈಲು ಆರ್ಡರ್ ತಗೊಳ್ಳಲು ಮರೆಪ್ಪನ ಹತ್ತಿರ ಇದೆ, ಸ್ಟುಡಿಯೋಗೆ ಫೋನ್ ಮಾಡಿದರೆ ಒಳಗಿನವರನ್ನು ಕರೆಯುವುದಿಲ್ಲ ಅಂದರು.

ವ್ಯಾನು ಗೇಟಿನ ಹತ್ತಿರ ಬಂದಿದೆ. ಅತ್ತೆ ಕೂಸನ್ನು ಹೊದಿಸಿಕೊಂಡು ನಿಂತಿದ್ದಾರೆ, ಕುಲಾವಿ ಇಲ್ಲದೆ.

ಮರೆಪ್ಪ ನಾಲ್ಕಕ್ಕೆ ಬರುತ್ತಾನೆ. ರೊಟ್ಟಿ ಇಲ್ಲವೆಂದು ಹೇಳಿ ಮೊಬೈಲು ಇಸಿದುಕೊಳ್ಳಿ. ಸರ್ವಮಂಗಳಾ ನಂಬರನ್ನು ಕೆಳಗೆ ದೊಡ್ಡದಾಗಿ ಬರೆದಿದ್ದೇನೆ. ಸ್ಟುಡಿಯೋದ ಕಾರು ಬರುವ ಮುಂಚೆ, ಬೆಳಗಾಗುವ ಮುಂಚೆ ಫೋನ್ ಮಾಡಿ. ಓದಿದೆ, ಆ ಮಾತು ಹೇಳುವುದಿಲ್ಲ ಅನ್ನಿ. ಬೇರೆ ಮಾತು ಬರದಿದ್ದರೆ ಹೂಂ ಅನ್ನಿ ಸಾಕು. ಬೈಯುವುದಿದ್ದರೆ ಬೈಯಿರಿ, ಆದರೆ ಮಾಡಿ. ಮೈಸೂರಲ್ಲಿ ನಮಗೆಲ್ಲ ಒಂದೇ ಕೋಣೆಯಂತೆ, ಅವಳ ಫೋನನ್ನು ನನ್ನ ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ರಿಂಗಾದರೆ ಕೂಸು ಎದ್ದೀತು ಎಂದು ಹಿಂಜರಿಯಬೇಡಿ. ಅವನು ಏಳುವುದಿಲ್ಲ. ನಾನು ಎಚ್ಚರವಾಗಿಯೇ ಇರುತ್ತೇನೆ. ಮಾಡಿ.